ಐದನೇ ಲೋಟ

ಸಣ್ಣಸ್ವಾಮಿಗೆ ಆ ದಿನ ಸಿಟ್ಟು ಬಂದದ್ದು ಒಂದು ಕುರ್ಚಿಯ ಮೇಲೆ. ಮನುಷ್ಯರ ಮೇಲೆ ಸಿಟ್ಟಾಗುವುದು ಅವನಿಗೆ ಹೊಸದೇನಲ್ಲ. ಹಾರಂಗಿ ನಾಲೆಯ ಹನ್ನೊಂದನೇ ತೂಬಿಗೆ ಇಪ್ಪತ್ತಾರು ವರ್ಷ ನೀರುಗಂಟಿಯಾಗಿ, ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಎಂದು ಹಂಚಿಕೊಟ್ಟವನು ಅವನು. ಆ ಕೆಲಸದವನಿಗೆ ಮೂಗಿನ ತುದಿಯಲ್ಲಿ ಸಿಟ್ಟಿಲ್ಲದಿದ್ದರೆ ನೀರು ಮೊದಲ ನಾಲ್ಕು ಗದ್ದೆ ದಾಟಿ ಮುಂದಕ್ಕೆ ಹೋಗುವುದೇ ಇಲ್ಲ. ಆದರೆ ಒಂದು ಪ್ಲಾಸ್ಟಿಕ್ ಕುರ್ಚಿ ತನ್ನನ್ನು ಹೀಗೆ ಸೋಲಿಸುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ ಸ್ವಾಮಣ್ಣ. ಕುರ್ಚಿ ಹಿಡಿಯೋ ಹಾಗಿಲ್ಲ. ಐದು ಸಲ ಎದ್ದು ನಿಂತು ಐದು ಸಲ ಕೂರ್ಬೇಕು. ರೆಡೀನಾ?" ಎಂದಳು ಮಾಲತಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಅವಳು. ಒಂದು ಕೈಯಲ್ಲಿ ಮೊಬೈಲು ಹಿಡಿದು ಸೆಕೆಂಡು ಎಣಿಸುತ್ತಿದ್ದಳು.

ಮೊದಲ ಸಲ ಎದ್ದ. ಎರಡನೇ ಸಲವೂ ಎದ್ದ. ಮೂರನೆಯದಕ್ಕೆ ತೊಡೆ ನಡುಗಿತು. ನಾಲ್ಕನೆಯದಕ್ಕೆ ಅರ್ಧ ಎದ್ದವನು ದೊಪ್ಪನೆ ಕೂತು, ಉಸಿರು ಬಿಗಿಹಿಡಿದು ಮತ್ತೆ ಎದ್ದ. ಐದನೆಯದನ್ನು ಹೇಗೆ ಮುಗಿಸಿದನೋ ಅವನಿಗೇ ತಿಳಿಯದು. ಮಾಲತಿ ಮೊಬೈಲು ನೋಡಿ, ಮುಖದಲ್ಲಿ ಒಂದು ನಗು ತಂದುಕೊಂಡು, "ಇಪ್ಪತ್ಮೂರು ಸೆಕೆಂಡು. ಹೋದ ಸಲ ಇಪ್ಪತ್ನಾಲ್ಕಿತ್ತು. ಒಂದು ಸೆಕೆಂಡು ಇಂಪ್ರೂವ್ ಆಗಿದೆ ನೋಡಿ!" ಎಂದಳು.

"ಒಂದ್ ಸೆಕೆಂಡಿಗೆ ಹನ್ನೆರಡು ವಾರ ಬೇಕಾಯ್ತಾ ತಾಯಿ?" ಎಂದ ಸಣ್ಣಸ್ವಾಮಿ. "ಇದೇ ಲೆಕ್ಕದಲ್ಲಿ ಹೋದ್ರೆ ನಾನು ನೆಟ್ಟಗೆ ಎದ್ದು ನಿಲ್ಲೋದು ನನ್ ತಿಥಿ ದಿನವೇ."

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಡತಿ ರಾಮಮ್ಮ "ಬಿಡ್ತು ಅನ್ನಿ" ಎಂದಳು. ಅವನು ಅನ್ನಲಿಲ್ಲ.

ಅವನ ಆತುರಕ್ಕೆ ಕಾರಣವಿತ್ತು. ಎರಡು ವರ್ಷದಿಂದ ಅವನಿಗೆ ಕಿಡ್ನಿಯ ತೊಂದರೆ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಸೇರಿ ಕಿಡ್ನಿಯನ್ನು ಅರ್ಧಕ್ಕಿಂತ ಹೆಚ್ಚು ತಿಂದುಹಾಕಿದ್ದವು. ಡಯಾಲಿಸಿಸ್ ತನಕ ಬಂದಿರಲಿಲ್ಲ, ಅದೊಂದೇ ಪುಣ್ಯ. ಆದರೆ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ಹಿಂದಿನ ಬೆಳೆಗೆ ನೀರು ಬಿಟ್ಟಿದ್ದಾಗ ನೀರಾವರಿ ಕಚೇರಿಯ ಎಂಜಿನಿಯರ್ ನಿರಂಜನ್ ಜೀಪಿನಲ್ಲಿ ಬಂದು ನೋಡಿದರೆ, ನೀರುಗಂಟಿ ಏರಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಾನೆ, ಕೊನೇ ಗದ್ದೆಯ ಕಾಳ ತೂಬಿನ ಚಕ್ರ ತಿರುಗಿಸುತ್ತಿದ್ದಾನೆ! ನಿರಂಜನ್ ಕೆಟ್ಟವನಲ್ಲ. ಶನಿವಾರಸಂತೆ ಕಡೆಯ ರೈತರ ಮನೆ ಹುಡುಗ, ಹಿರಿಯರಿಗೆ ಮರ್ಯಾದೆ ಕೊಡುವವನು. ಆದರೂ ಹೇಳಬೇಕಾದ್ದನ್ನು ಹೇಳಿಯೇಬಿಟ್ಟ.

"ಸ್ವಾಮಣ್ಣ, ಜುಲೈನಲ್ಲಿ ನೀರು ಬಿಡೋ ದಿನ ನಾನು ಬರ್ತೀನಿ. ನನ್ನೆದುರು ತೂಬನ್ನ ನೀವೊಬ್ರೇ ಪೂರ್ತಿ ಎತ್ತಿ ತೋರಿಸಿ. ಎತ್ತಿದ್ರೆ ನೀವೇ ಮುಂದುವರೀರಿ. ಇಲ್ಲಾಂದ್ರೆ ಆನಂದನಿಗೆ ಕೊಡದೆ ನನಗೆ ಬೇರೆ ದಾರಿ ಇಲ್ಲ."

ಆನಂದನ ಹೆಸರು ಕೇಳಿ ಸಣ್ಣಸ್ವಾಮಿಗೆ ಪಿತ್ತ ನೆತ್ತಿಗೇರಿತು. ಆನಂದ ಗಟ್ಟಿ ಆಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಗದ್ದೆ ತೂಬಿನಿಂದ ಎರಡನೆಯದು. ಮೇಲಿನ ಗದ್ದೆಯವನ ಕೈಗೆ ತೂಬು ಕೊಟ್ಟರೆ ಕೆಳಗಿನವರ ಗತಿ ಏನು? ಸಣ್ಣಸ್ವಾಮಿ ನೀರುಗಂಟಿಯಾಗುವುದಕ್ಕೆ ಮುಂಚೆ ಆ ತೂಬಿನ ಇಪ್ಪತ್ನಾಲ್ಕು ಗದ್ದೆಗಳಲ್ಲಿ ಕೊನೆಯ ಎಂಟು ಗದ್ದೆಗಳು ನಾಲೆ ನೀರನ್ನು ಕಣ್ಣಲ್ಲೂ ಕಂಡಿರಲಿಲ್ಲ. ಕೊನೆಯಿಂದ ಶುರು ಮಾಡಬೇಕು ಎಂಬ ಪದ್ಧತಿ ತಂದವನೇ ಅವನು. ಮೊದಲ ಸರದಿ ಕಾಳನ ಅರ್ಧ ಎಕರೆಗೆ, ಆಮೇಲೆ ಅದರ ಮೇಲಿನವರಿಗೆ, ಹೀಗೆ ಹತ್ತುತ್ತಾ ಬಂದು ತೂಬಿನ ಬಾಯಿಯಲ್ಲಿರುವವರಿಗೆ ಕಡೆಯಲ್ಲಿ. ಇದಕ್ಕಾಗಿ ಅವನು ಬೈಸಿಕೊಂಡಿದ್ದಾನೆ, ಒಮ್ಮೆ ಸನಿಕೆಯ ಹಿಡಿಯಲ್ಲಿ ಹೊಡೆಸಿಕೊಂಡೂ ಇದ್ದಾನೆ. ಆ ತೂಬು ಕೈತಪ್ಪಿದರೆ ತನ್ನ ಇಪ್ಪತ್ತಾರು ವರ್ಷ ನೀರಲ್ಲಿ ಹೋಮ ಮಾಡಿದಂತೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಅದಕ್ಕೇ ಏಪ್ರಿಲಿನಲ್ಲಿ ಆಸ್ಪತ್ರೆಗೆ ಬಂದು, "ಏನಾದ್ರೂ ಮಾಡಿ, ಕಾಲಿಗೆ ಬಲ ಬರೋ ಹಂಗೆ ಮಾಡಿ" ಎಂದು ಡಾಕ್ಟರಮ್ಮನನ್ನು ಪೀಡಿಸಿದ್ದು. ಆಕೆ ರಕ್ತ ಪರೀಕ್ಷೆ ಮಾಡಿಸಿ ಚೀಟಿ ನೋಡಿ, "ನಿಮ್ಮ ಮೈಯಲ್ಲಿ ವಿಟಮಿನ್ ಡಿ ಒಂಬತ್ತಿದೆ. ಮೂವತ್ತಾದ್ರೂ ಇದ್ರೆ ಒಳ್ಳೇದು. ಬಿಸಿಲಿಂದ ಬರೋ ವಿಟಮಿನ್ ಇದು" ಎಂದಾಗ ಸಣ್ಣಸ್ವಾಮಿ ಗಟ್ಟಿಯಾಗಿ ನಕ್ಕುಬಿಟ್ಟಿದ್ದ.

"ಅಮ್ಮಾ, ಹುಟ್ಟಿದಾಗಿಂದ ಬಿಸಿಲಲ್ಲೇ ಸತ್ತಿದೀನಿ. ನನ್ ಬೆನ್ ನೋಡಿ, ಹಂಚಿನ್ ತರ ಆಗದೆ. ನಂಗೆ ಬಿಸಿಲು ಕಮ್ಮೀನಾ?"

"ಬಿಸಿಲು ಬಿದ್ರೆ ಸಾಲದು. ಚರ್ಮದಲ್ಲಿ ಆದದ್ದನ್ನ ಮೈಗೆ ಒದಗೋ ಹಾಗೆ ಮಾಡೋದು ಕೊನೆಗೆ ಕಿಡ್ನಿ. ನಿಮ್ಮ ಕಿಡ್ನಿ ಸೋತಿದೆ. ಮೇಲಾಗಿ ಎರಡು ವರ್ಷದಿಂದ ನೀವು ಮನೆ ಒಳಗೇ ಹೆಚ್ಚು."

ಅದು ಅವನಿಗೆ ಅರ್ಥವಾಯಿತು. ಅಣೆಕಟ್ಟೆ ತುಂಬಿದ್ದೂ ತೂಬು ತುಕ್ಕು ಹಿಡಿದರೆ ಗದ್ದೆ ಒಣಗುತ್ತದೆ, ಅಷ್ಟೇ ತಾನೆ. ಡಾಕ್ಟರಮ್ಮ ವಾರಕ್ಕೊಂದರಂತೆ ಹನ್ನೆರಡು ಪುಡಿಯ ಪೊಟ್ಟಣ ಬರೆದುಕೊಟ್ಟರು. ಭಾನುವಾರ ಬೆಳಿಗ್ಗೆ ತಿಂಡಿಯ ಜೊತೆ ಹಾಲಿಗೆ ಹಾಕಿ ಕುಡಿಯಬೇಕು. ಪುಡಿ ಕುಡಿದ ಮಾತ್ರಕ್ಕೆ ಪೈಲ್ವಾನರಾಗುವುದಿಲ್ಲ, ಮಾಲತಿ ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡಬೇಕು ಎಂದು ಎಚ್ಚರಿಸಿದರು. ಆಮೇಲೆ ರಾಮಮ್ಮನ ಕಡೆ ತಿರುಗಿ ಸಮಾಧಾನದ ಮಾತು ಹೇಳಿದರು: "ಗಾಬರಿ ಬೇಡಮ್ಮ, ಇದು ಇವರೊಬ್ಬರ ಕಥೆ ಅಲ್ಲ. ನಿಮ್ಮ ಮನೇಲಿ ಎಲ್ಲರಿಗೂ ಟೆಸ್ಟ್ ಮಾಡಿಸಿದ್ರೆ ಎಲ್ಲರಿಗೂ ಕಡಿಮೆನೇ ಬರ್ಬೋದು." ರಾಮಮ್ಮ ಬಹಳ ಗಂಭೀರವಾಗಿ ತಲೆಯಾಡಿಸಿದ್ದಳು.

ಅಂದಿನಿಂದ ಸಣ್ಣಸ್ವಾಮಿಯ ಪಾಡು ನೋಡುವ ಹಾಗಿರಲಿಲ್ಲ. ಪುಡಿಯ ಜೊತೆ ಬಿಸಿಲೂ ಇರಲಿ ಎಂದು ದಿನಾ ಹತ್ತು ಗಂಟೆಗೆ ಅಂಗಳದಲ್ಲಿ ಬನಿಯನ್ನು ತೆಗೆದು ಕೂರುತ್ತಿದ್ದ. ದುಡಿಯುವ ಊರಿನಲ್ಲಿ ಗಂಡಸು ಹತ್ತು ಗಂಟೆಗೆ ಅಂಗಳದಲ್ಲಿ ಬರಿಮೈಯಲ್ಲಿ ಕೂತರೆ ಜನ ಸುಮ್ಮನೆ ಹೋಗುತ್ತಾರೆಯೇ? "ಏನ್ ಸ್ವಾಮಣ್ಣ, ಬಿಸ್ಲು ಕಾಯಿಸ್ತಾ ಇದೀರಾ?" ಎಂದು ಒಬ್ಬ. "ಏನ್ ಸ್ವಾಮಣ್ಣ, ಕೆಲ್ಸ ಇಲ್ವಾ?" ಎಂದು ಇನ್ನೊಬ್ಬ. ಮೊದಲ ವಾರ ಕಾಯಿಲೆಯ ವಿಷಯ ವಿವರಿಸಿ ಹೇಳಿದ. ಎರಡನೇ ವಾರ ಹೂಂಗುಟ್ಟಿದ. ಮೂರನೇ ವಾರ, "ಇಲ್ಲ ಕಣಯ್ಯ, ಹಪ್ಪಳ ಒಣಗಾಕಿದೀನಿ. ನಾನೇ ಹಪ್ಪಳ" ಎಂದು ಹಾಯತೊಡಗಿದ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನಂತೂ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಮರೆಯಲ್ಲಿ, ಕದ್ದು ಬೀಡಿ ಸೇದುವವನ ಹಾಗೆ ಮಾಡಿ ಮುಗಿಸುತ್ತಿದ್ದ. ಅದೂ ಬೆಳಿಗ್ಗೆ ಹತ್ತು, ಸಾಯಂಕಾಲ ಹತ್ತು, ಒಂದು ದಿನ ತಪ್ಪಿಸಿದವನಲ್ಲ. ಜೂನ್ ಬಂದು ಮೋಡ ಕವಿದ ಮೇಲೆ ಬಿಸಿಲೂ ಹೋಯಿತು. ಉಳಿದದ್ದು ಭಾನುವಾರದ ಪೊಟ್ಟಣವೊಂದೇ, ಅವನು ನಂಬಿದ್ದೂ ಅದನ್ನೇ.

ಈಗ ನೋಡಿದರೆ ಇಪ್ಪತ್ಮೂರು ಸೆಕೆಂಡು. ರಕ್ತದ ಚೀಟಿಯಲ್ಲಿ ಒಂಬತ್ತು ಇದ್ದದ್ದು ಹದಿಮೂರಾಗಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಹನ್ನೆರಡು ವಾರಕ್ಕೆ ಇಷ್ಟೇ ಏರಬಾರದಿತ್ತು. ಮಧ್ಯೆ ಬಿಟ್ರಾ?"

"ಒಂದು ಭಾನುವಾರನೂ ತಪ್ಪಿಲ್ಲ."

"ನಾನೇ ಕೈಯಾರೆ ಕಲಸಿ ಕೊಟ್ಟಿದೀನಿ ಡಾಕ್ಟ್ರೇ" ಎಂದಳು ರಾಮಮ್ಮ.

ಡಾಕ್ಟರಮ್ಮ ಇನ್ನೂ ಎಂಟು ಪೊಟ್ಟಣ ಬರೆದರು. ಎಂಟು ವಾರ! ನೀರು ಬಿಡುವುದಕ್ಕೆ ಉಳಿದದ್ದು ಹದಿನೇಳು ದಿನ. ಬಸ್ಸಿನಲ್ಲಿ ಮನೆಗೆ ಬರುವಾಗ ಸಣ್ಣಸ್ವಾಮಿ ಪುಡಿ ಮಾಡಿದ ಕಂಪನಿಯವನನ್ನು, ರಕ್ತ ತೆಗೆದವನನ್ನು, ಡಾಕ್ಟರನ್ನು, ಸೂರ್ಯನನ್ನು, ಕಿಟಕಿ ಪಕ್ಕದ ಸೀಟು ಬಿಟ್ಟುಕೊಡದ ಮನುಷ್ಯನನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈದ.

ಸುಳಿವು ಸಿಕ್ಕಿದ್ದು ಮುಂದಿನ ಭಾನುವಾರ. ಎಂದಿನಂತೆ ಅಂಗಳದಲ್ಲಿ ಕೂತಿದ್ದರೆ ಅಂದೂ ಗೊತ್ತಾಗುತ್ತಿರಲಿಲ್ಲ. ಮಳೆ ಹಿಡಿದದ್ದರಿಂದ ಅಡುಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿಸಿಕೊಂಡು ಕೂತಿದ್ದ. ರಾಮಮ್ಮ ಹಾಲು ಕಾಯಿಸಿ ಇಳಿಸಿದಳು. ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಪುಡಿಯನ್ನು ಇಡೀ ಹಾಲಿನ ಪಾತ್ರೆಗೆ ಸುರಿದಳು, ಸೌಟಿನಲ್ಲಿ ಚೆನ್ನಾಗಿ ಕದಡಿದಳು. ಆಮೇಲೆ ಐದು ಸ್ಟೀಲ್ ಲೋಟ ಸಾಲಾಗಿ ಇಟ್ಟು ಹೊಯ್ಯತೊಡಗಿದಳು. ಗಂಡನಿಗೊಂದು, ಮಗ ಶಶಿಕುಮಾರನಿಗೊಂದು, ಸೊಸೆ ಉಷಾರಾಣಿಗೊಂದು, ಮೊಮ್ಮಗಳು ಹರ್ಷಿತಾಗೊಂದು. ಪಾತ್ರೆ ಅಲ್ಲಿಗೆ ಖಾಲಿಯಾಯಿತು. ಅದಕ್ಕೆ ಅರ್ಧ ಲೋಟ ನೀರು ಹಾಕಿ ತೊಳಸಿ, ಆ ಬಿಳಿ ನೀರನ್ನು ಐದನೇ ಲೋಟಕ್ಕೆ ಬಗ್ಗಿಸಿದಳು.

"ಏನ್ ಮಾಡ್ತಿದೀಯಾ?" ಎಂದ ಸಣ್ಣಸ್ವಾಮಿ. ದನಿ ಬಹಳ ಮೆತ್ತಗಿತ್ತು. ಆ ಮನೆಯಲ್ಲಿ ಎಲ್ಲರಿಗೂ ಆ ಮೆತ್ತನೆ ದನಿಯ ಅರ್ಥ ಗೊತ್ತು.

"ನಿಮ್ ಪುಡಿ ಹಾಲು."

"ನನ್ ಪುಡಿ ಐದು ಲೋಟಕ್ಕೆ ಯಾಕೋಯ್ತು?"

"ಎಲ್ಲಾರ್ಗೂ ಕಮ್ಮಿ ಐತೆ ಅಂತ ಡಾಕ್ಟ್ರಮ್ಮನೇ ಅಂದ್ರಲ್ಲ. ನೀವೂ ಅಲ್ಲೇ ಕೂತಿದ್ರಿ."

"ಹನ್ನೆರಡು ವಾರನೂ ಹಿಂಗೇ ಮಾಡಿದ್ಯಾ?"

"ಊಂ. ಮತ್ತೆ?"

ಆಮೇಲೆ ಆದ ರಂಪ ಬೀದಿಗೆಲ್ಲ ಕೇಳಿಸಿತು. ಸಣ್ಣಸ್ವಾಮಿ ಮಣೆಯಿಂದ ಏಳಲು ಹೋಗಿ ಏಳಲಾಗದೆ, ಕೂತಲ್ಲೇ ಕೂಗಾಡಿದ. "ನನ್ ತೂಬು ಹೋಯ್ತದೆ ಕಣೆ! ನನ್ ಮರ್ವಾದೆ ಹೋಯ್ತದೆ! ಔಸ್ದಿಯ ಪ್ರಸಾದದ್ ತರ ಹಂಚಿದೀಯಲ್ಲ, ನಿಂಗೆ ಬುದ್ಧಿ ಐತಾ?" ಎಂದ. ಉಷಾರಾಣಿ ಒಲೆಯ ಹತ್ತಿರದಿಂದ ಓಡಿಬಂದು, "ಅತ್ತೆ, ಅದು ಔಷಧಿ ಅಂತ ನಂಗೆ ಗೊತ್ತೇ ಇಲ್ವಲ್ಲ! ಹಾಲಿಗೆ ಬೆರೆಸೋ ಟಾನಿಕ್ಕು ಅಂದ್ಕೊಂಡಿದ್ದೆ" ಎಂದಳು. ಹರ್ಷಿತಾ, "ಅದಕ್ಕೇ ಭಾನುವಾರದ ಹಾಲು ಸಿಹಿ ಇರ್ತಿತ್ತು" ಎಂದು ಪಿಸುಗುಟ್ಟಿದಳು. ಶಶಿಕುಮಾರ ತನ್ನ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಪಿಕಪ್ ಗಾಡಿ ತೊಳೆಯುವ ನೆಪ ಮಾಡಿ ಮಳೆಯಲ್ಲೇ ಹೊರಗೆ ಹೋದ.

ರಾಮಮ್ಮ ಮಾತ್ರ ಜಗ್ಗಲಿಲ್ಲ. ಸೌಟು ಕೈಯಲ್ಲೇ ಇತ್ತು.

"ಇಪ್ಪತ್ತಾರು ವರ್ಸ ಏರಿ ಮೇಲ್ ನಿಂತ್ಕಂಡು ಏನ್ ಕೂಗ್ತಿದ್ರಿ ನೀವು? ಒಬ್ಬನ್ ಗದ್ದೆ ತುಂಬಿಸ್ಬುಟ್ಟು ಇನ್ನೊಬ್ಬನ್ ಗದ್ದೆ ಒಣಗಿಸಾಕಾಗಲ್ಲ ಅಂತ ತಾನೆ? ಅದ್ನೇ ಕೇಳ್ಕಂಡು ಸಂಸಾರ ಮಾಡಿದೀನಿ. ಎಲ್ಲಾರ್ಗೂ ಕಮ್ಮಿ ಇರೋದನ್ನ ನಿಮ್ಮೊಬ್ರಿಗೇ ಹೆಂಗ್ ಹುಯ್ಲಿ?"

ತನ್ನ ಮಾತೇ ತನಗೆ ತಿರುಗಿ ಬಂದದ್ದಕ್ಕೆ ಸಿಟ್ಟು ಇಮ್ಮಡಿಯಾಯಿತು. "ತಾ ಇಲ್ಲಿ!" ಎಂದು ಕೈಗೆ ಸಿಕ್ಕ ನಾಲ್ಕು ಲೋಟಗಳನ್ನೂ ಎಳೆದುಕೊಂಡು, ಒಂದರ ಮೇಲೊಂದು, ಎಲ್ಲರ ಕಣ್ಣೆದುರೇ ಗಟಗಟ ಕುಡಿದ. ಹೊಟ್ಟೆ ನಗಾರಿಯಾಯಿತು. ನಾಲ್ಕನೆಯದನ್ನು ಕುಡಿಯುವಾಗ ಮೊಮ್ಮಗಳು ತನ್ನನ್ನೇ ನೋಡುತ್ತಿರುವುದು ಕಂಡು ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. ಐದನೇ ಲೋಟ ಒಲೆಯ ಪಕ್ಕ ಇತ್ತು. ಅದರಲ್ಲಿದ್ದದ್ದು ತೊಳೆದ ನೀರು ತಾನೆ ಎಂದು ಅದನ್ನು ಅವನು ಕೇಳಲಿಲ್ಲ. ರಾಮಮ್ಮ ಅದನ್ನು ಎತ್ತಿ ಕುಡಿದು, ಲೋಟ ತೊಳೆಯಲು ಹಿತ್ತಲಿಗೆ ಹೋದಳು.

ಅಂದಿನಿಂದ ಪೊಟ್ಟಣಗಳು ಟ್ರಂಕಿನಲ್ಲಿ, ತೂಬಿನ ಬೀಗದ ಕೈಯ ಪಕ್ಕದಲ್ಲಿ ಭದ್ರವಾದವು. ಉಳಿದದ್ದು ಎರಡೇ ಭಾನುವಾರ. ಒಂದು ಲೋಟ ಹಾಲು, ಒಂದು ಪೊಟ್ಟಣ, ಒಬ್ಬನೇ. ಕುಡಿಯುವಾಗ ಮನೆಯವರೆಲ್ಲ ಬೇರೆಲ್ಲೋ ನೋಡುತ್ತಿದ್ದರು. ಹೊಟ್ಟೆಗಿಳಿಯುವ ಹಾಲು ಅವನಿಗೆ ಒಂದು ಚೂರೂ ರುಚಿಸಲಿಲ್ಲ. ಕೊಟ್ಟಿಗೆಯ ಹಿಂದೆ ಹತ್ತರ ಬದಲು ಹದಿನೈದು ಸಲ ಎದ್ದು ಕೂತ. ಐದು ಸಲಕ್ಕೆ ಎಷ್ಟು ಹೊತ್ತು ಎಂದು ತನ್ನ ವಾಚಿನಲ್ಲೇ ಎಣಿಸಿಕೊಂಡ. ಇಪ್ಪತ್ತೆರಡು ಸೆಕೆಂಡು. ಮಾರನೇ ದಿನ ಮತ್ತೆ ಇಪ್ಪತ್ಮೂರು.

ನೀರು ಬಿಡುವ ದಿನ ಮಳೆ ಬಿಟ್ಟಿತ್ತು. ಬೆಳಿಗ್ಗೆ ಅಣೆಕಟ್ಟೆಯಲ್ಲಿ ಬಿಟ್ಟ ನೀರು ಹನ್ನೊಂದರ ಹೊತ್ತಿಗೆ ಹನ್ನೊಂದನೇ ತೂಬಿಗೆ ಮುಟ್ಟುವುದಿತ್ತು. ನಿರಂಜನ್ ಹತ್ತಕ್ಕೇ ಬಂದು ಏರಿಯ ಮೇಲೆ ನಿಂತಿದ್ದ. ಆನಂದ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಕಾಳನೂ ಬಂದಿದ್ದ, ಬರದೇ ಇರುತ್ತಾನೆಯೇ? ಸಣ್ಣಸ್ವಾಮಿ ಬೀಗ ತೆಗೆದು ಚಕ್ರಕ್ಕೆ ಕೈ ಹಾಕುವಷ್ಟರಲ್ಲಿ ಏರಿಯ ಆ ತುದಿಯಲ್ಲಿ ರಾಮಮ್ಮ ಕಂಡಳು. ಒಂದು ಕೈಯಲ್ಲಿ ಬುತ್ತಿಯ ಬುಟ್ಟಿ, ಇನ್ನೊಂದು ಕೈಯಲ್ಲಿ ಬೇಲಿಯ ಗೂಟಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಾ ನಿಧಾನಕ್ಕೆ ಬರುತ್ತಿದ್ದಳು.

"ನಿನ್ನ ಯಾರ್ ಬರಾಕ್ ಹೇಳಿದ್ರು?" ಎಂದು ರೇಗಿದ.

"ನಿಮ್ದು ತಿಂಡಿ ಆಗಿಲ್ಲ" ಎಂದು ಅವಳು ತೂಬಿನ ಕೆಳಗಿನ ಗಿಡ್ಡ ಕಲ್ಲಿನ ಮೇಲೆ ಕೂತಳು.

ತೂಬು ಪೂರ್ತಿ ಮೇಲೇಳಲು ಮೂವತ್ತಾರು ಸುತ್ತು. ನೋಡುವವರಿಗೆ ಅದು ಕೈಯ ಕೆಲಸ ಅನ್ನಿಸುತ್ತದೆ, ಮಾಡುವವನಿಗೆ ಗೊತ್ತು ಅದು ತೊಡೆಯ ಕೆಲಸ ಎಂದು. ಪ್ರತಿ ಸುತ್ತಿಗೂ ಬಗ್ಗಿ ಏಳಬೇಕು. ಬೇಸಿಗೆಯೆಲ್ಲ ಸುಮ್ಮನಿದ್ದ ಕಬ್ಬಿಣ ಮೊದಲ ಸುತ್ತಿಗೇ ಕಿರುಚಿತು. ಐದು, ಆರು, ಏಳು. ಹತ್ತಾಯಿತು. ಹನ್ನೆರಡಕ್ಕೆ ಅಂಗಿ ಒದ್ದೆಯಾಯಿತು. ಹದಿನೈದಕ್ಕೆ, ಆಗಿಯೇಬಿಡುತ್ತದೇನೋ ಎಂದು ಒಂದು ಆಸೆ ಎದೆಯಲ್ಲಿ ಎದ್ದಿತು. ಹದಿನೆಂಟಕ್ಕೆ ಮೊಣಕಾಲು ಸಡಿಲವಾಯಿತು. ಹತ್ತೊಂಬತ್ತನ್ನು ಹೇಗೋ ಎಳೆದ. ಇಪ್ಪತ್ತಕ್ಕೆ ಬಗ್ಗಿದವನು ಮೇಲೇಳಲಿಲ್ಲ. ಚಕ್ರವನ್ನು ತಬ್ಬಿಕೊಂಡು ಹಾಗೇ ನಿಂತ. ಮೈಯೆಲ್ಲ ನಡುಗುತ್ತಿತ್ತು. ತನ್ನ ಕಾಲುಗಳ ಮೇಲೆ ಅವನಿಗೆ ಬಂದ ಸಿಟ್ಟು ಎಷ್ಟೆಂದರೆ ಕಣ್ಣಲ್ಲಿ ನೀರು ಬಂತು.

ನಿರಂಜನ್ ಮೊಬೈಲು ನೋಡಿದ, ಆಕಾಶ ನೋಡಿದ, ಕೊನೆಗೆ ಹತ್ತಿರ ಬಂದು ದನಿ ತಗ್ಗಿಸಿ, "ಸಾಕು ಬಿಡಿ ಸ್ವಾಮಣ್ಣ. ಎತ್ತಿದ್ರು ಅಂತ ಬರ್ಕೊಳ್ತೀನಿ. ಈ ಸಲಕ್ಕೆ ನಡೀಲಿ" ಎಂದ.

ಸಣ್ಣಸ್ವಾಮಿ ಅವನ ಮುಖ ನೋಡಿದ. ಹುಡುಗ ಮನಸ್ಸಿನಿಂದಲೇ ಹೇಳುತ್ತಿದ್ದಾನೆ. ಹೂಂ ಎಂದರೆ ಮುಗಿಯಿತು, ತೂಬು ತನ್ನದೇ. ಬಾಯಿ ತನಕ ಬಂದ ಹೂಂ ಅನ್ನು ಅವನು ನುಂಗಿಕೊಂಡ.

"ಅರ್ಧ ಎತ್ತಿದ್ ತೂಬಿನ ನೀರು ಎಲ್ಲೀಗಂಟ ಹೋಯ್ತದೆ ಗೊತ್ತಾ ಸಾರ್? ಒಂಬತ್ತನೇ ಗದ್ದೆ. ಅಲ್ಲಿಂದಾಚೆ ಹದಿನೈದು ಗದ್ದೆ ಐತೆ. ನೀವು ಬರ್ಕಂಡ್ಬುಟ್ರೆ ನೀರು ಹೋಗ್ಬುಡ್ತದಾ? ಬರ್ಕಬೇಡಿ." ಉಸಿರು ಹಿಡಿಯಲು ನಿಂತು, "ಆಗ್ಲಿಲ್ಲ ಅಂತ ಬರ್ಕಳ್ಳಿ" ಎಂದ.

ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಆನಂದನ ಕೈಗೆ ಹಾಕಿದ. "ಕೊನೆಯಿಂದ ಸುರು ಮಾಡು. ಮೊದ್ಲು ಕಾಳಂದು. ನಾನು ಏರಿ ಮೇಲೆ ಬಂದು ನೋಡ್ತಿರ್ತೀನಿ, ಎರಡನೇ ಗದ್ದೆಗೇನಾದ್ರೂ ಮೊದ್ಲು ನೀರು ಹೋಯ್ತೋ, ಅಲ್ಲೇ ನಿನ್ನ..." ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಆನಂದ ತಲೆ ತಗ್ಗಿಸಿ, "ಆಯ್ತಣ್ಣ, ನೀವ್ ಹೇಳ್ದಂಗೇ" ಎಂದ. ಆಮೇಲೆ ಚಕ್ರ ಹಿಡಿದು ಉಳಿದ ಹದಿನೇಳು ಸುತ್ತುಗಳನ್ನು ಒಂದೇ ಉಸಿರಿನಲ್ಲಿ ತಿರುಗಿಸಿಬಿಟ್ಟ. ಬೆವರಲೂ ಇಲ್ಲ. ಸಣ್ಣಸ್ವಾಮಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದಕ್ಕೆ.

"ನಡಿಯೇ ಹೋಗನ" ಎಂದ ಹೆಂಡತಿಗೆ. ಅಲ್ಲಿ ಇನ್ನೊಂದು ಕ್ಷಣ ನಿಲ್ಲುವುದು ಅವನಿಗೆ ಬೇಕಿರಲಿಲ್ಲ.

ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ರಾಮಮ್ಮ ಕೂತಲ್ಲೇ ಇದ್ದಾಳೆ. "ನೀವ್ ಹೋಗ್ತಿರಿ, ನಾನ್ ಬತ್ತೀನಿ" ಎಂದಳು.

"ಯಾಕೆ? ನನ್ ಮರ್ವಾದೆ ಹೋಗಿದ್ ಇನ್ನೂ ನೋಡ್ಬೇಕಾ?"

ಅವಳು ಅತ್ತ ಇತ್ತ ನೋಡಿದಳು. ಆಮೇಲೆ ಕಲ್ಲಿನಿಂದ ಪಕ್ಕಕ್ಕೆ ಜಾರಿ, ನೆಲಕ್ಕೆ ಎರಡೂ ಅಂಗೈ ಊರಿ, ಮಂಡಿಯ ಮೇಲೆ ಅಂಬೆಗಾಲಿಟ್ಟು ತೂಬಿನ ಕಂಬದ ತನಕ ಹೋದಳು. ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಿಕೊಂಡಳು. ಒಂದು ಸಲಕ್ಕೆ ಆಗಲಿಲ್ಲ, ಮತ್ತೆ ಜಗ್ಗಿದಳು. ಎದ್ದು ನಿಂತು, ಸೀರೆ ಕೊಡವಿಕೊಂಡು, ಏನೂ ಆಗದವಳ ಹಾಗೆ ಬುಟ್ಟಿಗೆ ಕೈ ಚಾಚಿದಳು.

ಸಣ್ಣಸ್ವಾಮಿ ನೋಡುತ್ತಾ ನಿಂತ. ಇದನ್ನು ಅವನು ಮೊದಲ ಬಾರಿಗೆ ನೋಡಿದ್ದಲ್ಲ. ಒಲೆಯ ಮುಂದಿನಿಂದ ಏಳುವಾಗ ಅವಳು ಬಾಗಿಲ ಚೌಕಟ್ಟು ಹಿಡಿಯುವುದು, ದನದ ಹಾಲು ಕರೆದು ಏಳುವಾಗ ದನದ ಬೆನ್ನನ್ನೇ ಹಿಡಿಯುವುದು, ಬಸ್ಸಿಗೆ ಹತ್ತುವಾಗ ಹಿಂದಿನವರು ದೂಕಲಿ ಎಂದು ಕಾಯುವುದು, ಎಲ್ಲ ದಿನಾ ಕಣ್ಣೆದುರೇ ನಡೆದದ್ದು. ಅವನು ಅದನ್ನು ಅವಳು ಏಳುವ ರೀತಿ ಎಂದುಕೊಂಡಿದ್ದ, ಅಷ್ಟೇ.

"ಬಾ ಇಲ್ಲಿ" ಎಂದ. ತೂಬಿನ ಮೇಲಿನ ಎತ್ತರದ ಕಟ್ಟೆಯನ್ನು ತೋರಿಸಿದ. "ಕೂತ್ಕೊ."

"ಈಗ್ ತಾನೆ ಎದ್ದಿದೀನಿ, ಮತ್ತೆ ಕೂರಾದಾ?"

"ಕೂತ್ಕೊ ಅಂದ್ರೆ ಕೂತ್ಕೊ. ಕೈ ಎರಡೂ ಎದೆ ಮೇಲೆ ಕಟ್ಕೊ. ಏನೂ ಹಿಡೀದೆ ಏಳು."

ಗಂಡನ ತಲೆ ಕೆಟ್ಟಿದೆ ಎಂದು ರಾಮಮ್ಮ ನಗುತ್ತಲೇ ಕೂತಳು, ನಗುತ್ತಲೇ ಕೈ ಕಟ್ಟಿದಳು. ಮುಂದಕ್ಕೆ ಬಾಗಿದಳು. ಏಳಲಿಲ್ಲ. ಇನ್ನೊಮ್ಮೆ ಬಾಗಿದಳು. ಸೊಂಟ ಕಟ್ಟೆಯನ್ನು ಬಿಟ್ಟು ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಮೂರನೇ ಸಲಕ್ಕೆ ನಗು ನಿಂತಿತು. ಸಣ್ಣಸ್ವಾಮಿ ವಾಚು ನೋಡುವುದನ್ನು ಬಿಟ್ಟ. ತನ್ನದು ಐದು ಸಲಕ್ಕೆ ಇಪ್ಪತ್ಮೂರು ಸೆಕೆಂಡು ಎಂದು ಇಡೀ ಊರಿನ ಮೇಲೆ ಹಾರಾಡುತ್ತಿದ್ದನಲ್ಲ ಅವನು, ಇವಳಿಗೆ ಒಂದು ಸಲವೂ ಆಗುವುದಿಲ್ಲ!

"ಎಷ್ಟ್ ದಿನದಿಂದ ಹಿಂಗೆ?"

"ಯಾರ್ ಲೆಕ್ಕ ಇಟ್ಟವ್ರೆ? ಹರ್ಷಿತಾ ಹುಟ್ಟಿದಾಗ ಬಾಣಂತನ ಮಾಡ್ತಿದ್ದೆನಲ್ಲ, ಆಗ್ಲೂ ಗೋಡೆ ಹಿಡ್ಕಂಡೇ ಏಳ್ತಿದ್ದೆ."

ಹರ್ಷಿತಾಗೆ ಈಗ ಹದಿನಾರು.

"ಹೇಳೋದಲ್ವಾ?"

"ನೀವ್ ಕೇಳ್ನಿಲ್ಲ" ಎಂದಳು ರಾಮಮ್ಮ. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ.

ಆ ಹೊತ್ತಿಗೆ ನೀರು ಬಂತು. ಒಣಗಿದ ಎಲೆ, ಕಸ, ಕಡ್ಡಿಗಳನ್ನೆಲ್ಲ ಮುಂದೆ ದೂಡಿಕೊಂಡು ಬಂದು, ಪೂರ್ತಿ ಎದ್ದ ತೂಬಿನಡಿ ನುಗ್ಗಿ, ಎರಡನೇ ಗದ್ದೆಗೆ ನೀರು ತಿರುಗುವ ಮಡೆಯನ್ನು ದಾಟಿ ನೇರ ಕೆಳಕ್ಕೆ ಹೋಯಿತು. ಕಾಳ ಅದರ ಜೊತೆಯಲ್ಲೇ ಏರಿಯ ಮೇಲೆ ಓಡಿದ. ಸಣ್ಣಸ್ವಾಮಿ ಅತ್ತ ನೋಡಲಿಲ್ಲ. ಅವನ ಕಣ್ಣ ಮುಂದೆ ಒಲೆಯ ಪಕ್ಕದ ಐದನೇ ಲೋಟ ಇತ್ತು. ತೊಳೆದ ನೀರು. ನಲವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಪಾತ್ರೆ ತೊಳೆದ ನೀರೇ. ಅಂದು ತಾನು ನಾಲ್ಕು ಲೋಟ ಕುಡಿದು ಐದನೆಯದನ್ನು ಬಿಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ, ಅದರಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದರಿಂದ. ಊರಿನ ಕೊನೇ ಗದ್ದೆಗಾಗಿ ಹೊಡೆತ ತಿಂದವನು ತಾನು ಎಂದು ಅವನಿಗೆ ಎಷ್ಟು ಹೆಮ್ಮೆಯಿತ್ತೋ ಅಷ್ಟೂ ಈಗ ಮೈಗೆ ಮುಳ್ಳಾಗಿ ಚುಚ್ಚಿತು. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ, ಅವನೊಬ್ಬನನ್ನು ಬಿಟ್ಟು.

ಕೈ ಚಾಚಿದ. ಅವಳು ಹಿಡಿದಳು. ಅವನ ತೊಡೆ ಇನ್ನೂ ನಡುಗುತ್ತಿತ್ತು, ಮೊದಲ ಸಲ ಇಬ್ಬರೂ ಕಟ್ಟೆಯ ಮೇಲೇ ಕುಕ್ಕರಿಸುವ ಹಾಗಾಯಿತು. ಎರಡನೇ ಸಲಕ್ಕೆ ಎದ್ದರು. ನಿರಂಜನ್ ನೆರವಿಗೆ ಬರಲು ಹೊರಟವನು, ಯಾಕೋ ಅಲ್ಲೇ ನಿಂತುಬಿಟ್ಟ.

"ನಾಳೆ ಆಸ್ಪತ್ರೆಗೆ ನಡಿ" ಎಂದ ಸಣ್ಣಸ್ವಾಮಿ.

"ನಿಮ್ದು ಇನ್ನೂ ಐದು ವಾರ ಐತಲ್ಲ."

"ನಂದಲ್ಲ ಕಣೆ, ನಿಂದು. ರಕ್ತ ಕೊಡು, ಆ ಕುರ್ಚಿ ಮೇಲೆ ನೀನೂ ಕೂತ್ಕೊ. ಪುಡಿ ಬರೀತಾರೋ ಇನ್ನೇನ್ ಬರೀತಾರೋ ನೋಡನ. ಬರ್ದ್ರೆ ಅದ್ನ ನೀನೇ ಕುಡೀಬೇಕು. ತುಂಬಿದ್ ಲೋಟದಲ್ಲಿ, ಗಟ್ಟಿ ಹಾಲಲ್ಲಿ. ಯಾರ್ಗಾದ್ರೂ ಹಂಚಿದ್ಯೋ, ನೋಡು ಮತ್ತೆ!"

ರಾಮಮ್ಮ ಬೇಲಿಯ ಗೂಟಕ್ಕೆ ಕೈ ಹಾಕಲು ಹೋಗಿ ಅವನ ಮುಖ ನೋಡಿದಳು. ಅವಳಿಗೆ ನಿಜಕ್ಕೂ ಗಾಬರಿಯಾಗಿತ್ತು.

"ಒಬ್ಳೇನಾ?" ಎಂದಳು.

"ಊಂ. ಒಬ್ಳೇ" ಎಂದ ಸಣ್ಣಸ್ವಾಮಿ. ಬುಟ್ಟಿಯನ್ನು ತಾನು ತೆಗೆದುಕೊಂಡು, ಅವಳ ಕೈಯನ್ನು ಗೂಟದಿಂದ ಬಿಡಿಸಿ ತನ್ನ ಭುಜದ ಮೇಲೆ ಇಟ್ಟುಕೊಂಡ. ಅರ್ಧ ಮೈಲಿ ಏರಿಯ ದಾರಿ ಅದು. ಮನೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.